ಮನೆವಾರ್ತೆಯಲ್ಲಿ ಸತ್ಯವಾಕ್ಯ

ನನಗೆ ೧೨ ವರ್ಷ ತುಂಬಿ ಎರಡು ತಿಂಗಳು ಕಳೆದಿದ್ದಾಗ ತಾಯಿಯವರೊಡನೆ ಸೋದರಮಾವನವರ ಊರಿಗೆ ರೈಲಿನಲ್ಲಿ ಹೋಗಬೇಕಾಯಿತು. ೧೨ ತುಂಬದ ಮಕ್ಕಳಿಗೆ ಆಗ ಅರ್ಧ ಟಿಕೇಟು. ನನಗೆ ವಯಸ್ಸು ತುಂಬಿದ್ದರೂ ಮೈಕಟ್ಟಿನಲ್ಲಿ ಹತ್ತು ವರ್ಷದವನಂತೆ ತೋರುತ್ತಿದ್ದೆನು. ನಮ್ಮನ್ನು ಗಾಡಿ ಹತ್ತಿಸುವದಕ್ಕೆ ಬಂದಿದ್ದ ದೊಡ್ಡಪ್ಪನವರು ಟಿಕೇಟಿನ ಕಿಂಡಿಯ ಮುಂದೆ ಬಗ್ಗಿ ನನ್ನ ಕಿವಿಯಲ್ಲಿ, “ಯಾರಾದರೂ ಕೇಳಿದರೆ ಹನ್ನೊಂದು ಅನ್ನು” ಎಂದರು. ತಾಯಿಯವರು ಅದನ್ನು ಕೇಳಿಸಿಕೊಂಡರು. ಸೆರಗಿನ ಗಂಟನ್ನು ಬಿಚ್ಚಿ ಉಳಿದ ಹಣವನ್ನೂ ಮುಂದೆ ಚಾಚಿ, “ಭಾವನವರೇ, ಪೂರಾ ಟಿಕೇಟೇ ಕೊಳ್ಳಿರಿ. ಉಳಿದ ದುಡ್ಡು ನಾಲ್ಕು ದಿನದಲ್ಲಿ ಮುಗಿದು ಹೋದೀತು, ಹುಡುಗನು ಕಲಿತದ್ದು ಮುಗಿಯಲಾರದು” ಎಂದರು. ದೊಡ್ಡಪ್ಪನವರಿಗೆ ಸಿಟ್ಟು ಬಂತು. ಗಾಡಿ ಹೊರಡುವ ತನಕ ಅವರು ಮಾತಾಡಲಿಲ್ಲ. ನಾವು ಊರಿಗೆ ಹಿಂತಿರುಗಿದ ಮೇಲೆ ಆ ತಿಂಗಳೆಲ್ಲ ನಮ್ಮ ಮನೆಯ ಕಾಫಿಗೆ ಬೆಲ್ಲವನ್ನು ಬೆರಳಿನಿಂದ ಅಳೆದು ಹಾಕುತ್ತಿದ್ದರೆಂಬದು ನನಗೆ ಚೆನ್ನಾಗಿ ನೆನಪಿದೆ.

ವಾಚಕರೇ, ಸತ್ಯದ ವಿಷಯವಾಗಿ ನಾನು ಮುಂದೆ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ಆದರೆ ಆ ಕಿಂಡಿಯ ಮುಂದೆ ಬಿಚ್ಚಿದ ಸೆರಗಿನ ಗಂಟಿನಷ್ಟು ಸ್ಪಷ್ಟವಾಗಿ ಯಾವದೂ ನನ್ನೊಡನೆ ಮಾತಾಡಿಲ್ಲ. ಆದಕಾರಣ ಸತ್ಯವನ್ನು ಕುರಿತು ಬರೆಯುವಾಗ ದೊಡ್ಡ ನ್ಯಾಯಸ್ಥಾನಗಳನ್ನೂ ರಾಜಸಭೆಗಳನ್ನೂ ಬಿಟ್ಟು, ನಾವು ದಿನಾಲು ಕುಳಿತೇಳುವ ಮನೆಯಲ್ಲಿ ಅದರ ಗತಿ ಏನಾಗಿದೆ ಎಂದು ವಿಚಾರಿಸುವದೇ ಹಿತವೆಂದು ನನಗೆ ತೋರುತ್ತದೆ.

ನಮ್ಮ ನಾಡು ಸತ್ಯವನ್ನು ಅರಿಯದ ನಾಡಲ್ಲ. ತಲಕಾಡಿನ ಗಂಗರಸರು ‘ಸತ್ಯವಾಕ್ಯ’ ಎಂಬ ಬಿರುದನ್ನು ಧರಿಸಿದರು. ಹತ್ತನೆಯ ಶತಮಾನದ ಇಮ್ಮಡಿ ಬೂತುಗನಿಗೆ ‘ನನ್ನಿಯಗಂಗ’ನೆಂಬ ಹೆಸರಿತ್ತು. ನನ್ನಿಯೆಂದರೆ ಹಳಗನ್ನಡದಲ್ಲಿ ಸತ್ಯವೇ. ರಾಘವಾಂಕನ ಹರಿಶ್ಚಂದ್ರನನ್ನು ಬಲ್ಲವರಿದ್ದಾರೆ. ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವದಕ್ಕೆ ಕರುವನ್ನು ಬಿಟ್ಟು ಹಿಂತಿರುಗಿದ ಪುಣ್ಯಕೋಟಿಯ ಕಥೆಗೆ ಕಣ್ಣೀರು ತಾರದ ಕನ್ನಡದ ಮಗುವಿಲ್ಲ. ಆದರೆ ಅದೇ ಮನೆಯ ಜಗಲಿಯಲ್ಲಿ ಕುಳಿತ ಹಿರಿಯರು, ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆಯನ್ನೂ ನಗುತ್ತ ಹೇಳುತ್ತಾರೆ. ಕಥೆಯಲ್ಲಿ ಸತ್ಯಕ್ಕೆ ಕೈಮುಗಿದು ಮನೆವಾರ್ತೆಯಲ್ಲಿ ಅದಕ್ಕೆ ರಜೆ ಕೊಡುವದು ನಮ್ಮ ಹಳೆಯ ರೂಢಿ. ಕ್ರೈಸ್ತ ಮನೆಗಳೂ ಈ ರೂಢಿಗೆ ಹೊರತಾಗಿವೆಯೆಂದು ಹೇಳುವದಾದರೆ ಈ ಲೇಖನವೇ ಒಂದು ಸುಳ್ಳಿನಿಂದ ಆರಂಭವಾದೀತು.

ಸತ್ಯವೇದವು ನಮ್ಮಿಂದ ಬಯಸುವದೇನು? ಮೋಶೆಗೆ ಕೊಡಲ್ಪಟ್ಟ ಹತ್ತು ಆಜ್ಞೆಗಳಲ್ಲಿ ನೆರೆಯವನಿಗೆ ವಿರೋಧವಾಗಿ ಸುಳ್ಳು ಸಾಕ್ಷಿ ನುಡಿಯುವದನ್ನು ದೇವರು ನಿಷೇಧಿಸಿದನು. ನೆರೆಯವನ ಹೆಸರು ಅದರಲ್ಲಿ ಬಂದಿರುವದನ್ನು ಗಮನಿಸಬೇಕು. ನಮ್ಮ ನಾಲಿಗೆಯ ಅಳವಿನಲ್ಲಿ ಮತ್ತೊಬ್ಬನ ಮಾನವೂ ಆಸ್ತಿಯೂ ಪ್ರಾಣವೂ ಸಿಕ್ಕಿವೆ ಎಂಬದೇ ಆಜ್ಞೆಯ ತಿರುಳು. ಲೂಥರನು ೧೫೨೯ರಲ್ಲಿ ಮನೆಯ ಯಜಮಾನರು ಮಕ್ಕಳಿಗೂ ಆಳುಗಳಿಗೂ ಕಲಿಸಬೇಕೆಂದು ಪ್ರಕಟಿಸಿದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ, ಸುಳ್ಳನ್ನೂ ಚಾಡಿಯನ್ನೂ ಬಿಟ್ಟರೆ ಸಾಲದು, ನೆರೆಯವನ ಪರವಾಗಿ ಮಾತಾಡಬೇಕು, ಅವನು ಮಾಡಿದ್ದಕ್ಕೆ ಆದಷ್ಟು ಒಳ್ಳೆಯ ಅರ್ಥವನ್ನೇ ಹಚ್ಚಬೇಕು ಎಂದು ಈ ಆಜ್ಞೆಯನ್ನು ವಿವರಿಸಿದನು.

ಕರ್ತನಾದ ಯೇಸುವು ಪರ್ವತ ಪ್ರಸಂಗದಲ್ಲಿ ಇನ್ನೂ ಆಳಕ್ಕೆ ಹೋದನು. ಆಣೆಯಿಟ್ಟಾಗ ಸತ್ಯ, ಇಡದಿದ್ದಾಗ ಹೇಗಾದರೂ ಸರಿ ಎಂಬ ಎರಡು ಬಗೆಯ ಮಾತು ತನ್ನ ಶಿಷ್ಯರಲ್ಲಿ ಇರಕೂಡದು. ಅವರ ಸಾಧಾರಣ ಮಾತಿಗೇ ಆಣೆಯ ತೂಕವಿರಬೇಕು ಎಂಬದು ಆತನ ಉಪದೇಶ. ಯಾಕೋಬನು ತನ್ನ ಪತ್ರಿಕೆಯಲ್ಲಿ ಇದನ್ನೇ ತಿರಿಗಿ ಹೇಳಿದನು. ಅಪೊಸ್ತಲ ಪೌಲನು ಎಫೆಸದವರಿಗೆ ಬರೆಯುವಾಗ ಅದಕ್ಕೆ ಕಾರಣವನ್ನೂ ಕೊಟ್ಟನು: ನಾವೆಲ್ಲರು ಒಂದೇ ದೇಹದ ಅಂಗಗಳಾಗಿದ್ದೇವೆ. ನಾಲ್ಕನೆಯ ಶತಮಾನದ ಪ್ರಸಂಗಿಯಾದ ಯೋಹಾನ ಕ್ರಿಸೊಸ್ತೊಮನು ಈ ಮಾತನ್ನು ವಿವರಿಸುತ್ತಾ, ಕಣ್ಣು ದಾರಿಯಲ್ಲಿ ಹಾವನ್ನು ಕಂಡರೆ ಕಾಲಿಗೆ ಸುಳ್ಳು ಹೇಳುವದುಂಟೋ ಎಂದು ಕೇಳಿದನು. ಮನೆಯೆಂಬದೂ ಒಂದು ದೇಹವೇ. ಗಂಡನು ಸಾಲವನ್ನು ಹೆಂಡತಿಗೆ ಮರೆಮಾಡಿದರೆ ಆ ಸಾಲದ ಹಾವು ಕಚ್ಚುವದು ಇಬ್ಬರನ್ನೂ ಮಕ್ಕಳನ್ನೂ ಅಲ್ಲವೇ?

ಸತ್ಯವೇದವು ಭಕ್ತರ ಸುಳ್ಳುಗಳನ್ನು ಮುಚ್ಚಿಡುವದಿಲ್ಲ. ಅಬ್ರಹಾಮನು ಪ್ರಾಣಭಯದಿಂದ ಹೆಂಡತಿಯನ್ನು ತಂಗಿಯೆಂದನು. ಪೇತ್ರನು ಅಂಗಳದ ಬೆಂಕಿಯ ಬಳಿಯಲ್ಲಿ ಒಬ್ಬ ದಾಸಿಯ ಪ್ರಶ್ನೆಗೆ ಹೆದರಿ ಕರ್ತನನ್ನು ಅರಿಯೆನೆಂದನು. ಆದರೆ ಮನೆವಂದಿಗರು ಮುಖ್ಯವಾಗಿ ಓದತಕ್ಕದ್ದು ಯಾಕೋಬನ ಚರಿತ್ರೆಯನ್ನೇ. ಅವನು ತಾಯಿಯ ಮಾತು ಕೇಳಿ ಕೈಗೂ ಕೊರಳಿಗೂ ಮೇಕೆಯ ಮರಿಗಳ ಚರ್ಮವನ್ನು ಸುತ್ತಿಕೊಂಡು, ಕಣ್ಣು ಮಬ್ಬಾದ ತಂದೆಯ ಮುಂದೆ ತಾನೇ ಏಸಾವನೆಂದು ಹೇಳಿ ಆಶೀರ್ವಾದವನ್ನು ಪಡೆದನು. ಯುಕ್ತಿ ಸಫಲವಾಯಿತು. ಫಲವೇನು? ಆ ಮಗನನ್ನು ಊರು ಬಿಡಿಸಿ ಕಳುಹಿಸಿದ ರೆಬೆಕ್ಕಳು ತಿರಿಗಿ ಅವನ ಮುಖವನ್ನು ಕಂಡಳೆಂದು ಎಲ್ಲಿಯೂ ಬರೆದಿಲ್ಲ. ಮಾವನಾದ ಲಾಬಾನನು ಹುಡುಗಿಯನ್ನೇ ಬದಲಾಯಿಸಿ ಅವನಿಗೆ ಮೋಸಮಾಡಿದನು. ಕಡೆಗೆ ಯಾಕೋಬನು ಮುದುಕನಾದಾಗ ಅವನ ಸ್ವಂತ ಮಕ್ಕಳೇ ಯೋಸೇಫನ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ತಂದು ಅವನ ಮುಂದೆ ಇಟ್ಟರು. ಮೇಕೆಯ ಚರ್ಮದಿಂದ ತಂದೆಯನ್ನು ವಂಚಿಸಿದವನು ಮೇಕೆಯ ರಕ್ತದಿಂದ ಮಕ್ಕಳ ಕೈಯಲ್ಲಿ ವಂಚಿತನಾದನು. ಮನೆಯಲ್ಲಿ ಬಿತ್ತಿದ ಸುಳ್ಳು ಹೊರಗೆ ಹೋಗಿ ಬೆಳೆಯುವದಿಲ್ಲ. ಅದು ಅದೇ ಅಂಗಳದಲ್ಲಿ ಮೊಳೆಯುತ್ತದೆ.

ಹಾಗಾದರೆ ಕರ್ತನ ಈ ಉಪದೇಶವನ್ನು ಅಕ್ಷರಶಃ ಕೈಕೊಂಡವರು ಯಾರಾದರೂ ಇದ್ದರೋ ಎಂದು ಕೆಲವರು ಕೇಳಬಹುದು. ಇದ್ದರು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸನ ಬೋಧನೆಯಿಂದ ಹುಟ್ಟಿದ ಸ್ನೇಹಿತರ ಸಂಘದವರು, ಅಂದರೆ ಕ್ವೇಕರರು, ಯಾವ ನ್ಯಾಯಾಲಯದಲ್ಲಿಯೂ ಆಣೆಯಿಡಲು ಒಪ್ಪಲಿಲ್ಲ. ಆಣೆಯಿಟ್ಟು ಸತ್ಯ ಹೇಳುತ್ತೇನೆಂದರೆ ಉಳಿದ ಹೊತ್ತಿನಲ್ಲಿ ಹೇಳುವದು ಸತ್ಯವಲ್ಲವೆಂದು ಒಪ್ಪಿಕೊಂಡಂತೆ ಆಗುವದೆಂಬದು ಅವರ ಎಣಿಕೆ. ೧೬೬೨ರ ಕಾನೂನು ಇದನ್ನು ಅಪರಾಧವೆಂದೇ ವಿಧಿಸಿತು. ಅನೇಕರು ಸೆರೆಮನೆಯನ್ನು ಸೇರಿದರು. ಕಡೆಗೆ ೧೬೯೬ರಲ್ಲಿ ಪಾರ್ಲಿಮೆಂಟು, ಸಿವಿಲ್ ವ್ಯಾಜ್ಯಗಳಲ್ಲಿ ಅವರು ಆಣೆಗೆ ಬದಲಾಗಿ ಗಂಭೀರವಾದ ದೃಢವಚನವನ್ನು ಕೊಡಬಹುದೆಂದು ಒಪ್ಪಿತು. ಇವರೇ ಅಂಗಡಿಗಳಲ್ಲಿ ಚೌಕಾಶಿಯನ್ನೂ ಬಿಟ್ಟರು. ಹತ್ತಕ್ಕೆ ಕೊಡುವ ಸಾಮಾನಿಗೆ ಹದಿನೈದೆಂದು ಹೇಳುವದು ಸುಳ್ಳೇ ಎಂದು ತಿಳಿದು ಒಂದೇ ಬೆಲೆಯನ್ನು ಹೇಳಿದರು. ಮೊದಮೊದಲು ಗಿರಾಕಿಗಳು ದೂರವಾದರು. ಕ್ರಮೇಣ ಇವರ ಅಂಗಡಿಗೆ ಚಿಕ್ಕ ಮಗುವನ್ನು ಕಳುಹಿಸಿದರೂ ಮೋಸವಿಲ್ಲವೆಂದು ಜನರು ಅರಿತು ವ್ಯಾಪಾರವು ಬೆಳೆಯಿತೆಂದು ಫಾಕ್ಸನೇ ಬರೆದಿದ್ದಾನೆ.

ನಮ್ಮ ದೇಶದ ನ್ಯಾಯಾಲಯಗಳಲ್ಲಿಯೂ ೧೯೬೯ರ ಪ್ರಮಾಣಗಳ ಕಾಯಿದೆಯ ಪ್ರಕಾರ ಸಾಕ್ಷಿಯು ಆಣೆಗೆ ಬದಲಾಗಿ ದೃಢವಚನವನ್ನು ಕೊಡಬಹುದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು, ನ್ಯಾಯವಿಚಾರಣೆಯಲ್ಲಿ ಬೇಕೆಂದು ಸುಳ್ಳು ಸಾಕ್ಷ್ಯ ಹೇಳಿದವನಿಗೆ ೭ ವರ್ಷಗಳ ವರೆಗೆ ಸೆರೆಯನ್ನು ವಿಧಿಸುತ್ತದೆ. ಆದರೆ ಸರಕಾರದ ಕಾನೂನು ಕಟಕಟೆಯಲ್ಲಿಯೇ ನಿಲ್ಲುತ್ತದೆ. ಅಡಿಗೆಮನೆಗೂ ಪಡಸಾಲೆಗೂ ಬರುವ ಕಾನೂನು ಮನಸ್ಸಾಕ್ಷಿಯದೊಂದೇ.

ಅಲ್ಲಿ ಅದು ಏನನ್ನು ಕಾಣುವದು? ಸಾಲಗಾರನು ಬಾಗಿಲಿಗೆ ಬಂದರೆ ತಂದೆಯು ಒಳಗೆ ಕುಳಿತು, “ಅಪ್ಪ ಮನೆಯಲ್ಲಿಲ್ಲ ಅನ್ನು” ಎಂದು ಮಗುವನ್ನು ಕಳುಹಿಸುತ್ತಾನೆ. ಈಗ ಕೈಯಲ್ಲಿ ಫೋನು ಬಂದ ಮೇಲೆ ಮಗುವಿನ ಸಹಾಯವೂ ಬೇಡವಾಯಿತು. ಮನೆಯಲ್ಲಿ ಚಪ್ಪಲಿಯನ್ನೇ ಮೆಟ್ಟದವನು, “ಅರ್ಧ ದಾರಿಗೆ ಬಂದಿದ್ದೇನೆ” ಎಂದು ಹೇಳುತ್ತಾನೆ. ಮದುವೆಗೆ ಹೋಗುವದಕ್ಕೆ ಜ್ವರದ ಹೆಸರಿನಲ್ಲಿ ರಜೆಯ ಅರ್ಜಿ ಹೋಗುತ್ತದೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನವನ್ನು ಮುಂದೆ ಹಿಂದೆ ಮಾಡುತ್ತಾರೆ. ಹೀಗೆ ವಿದ್ಯೆಯ ಬಾಗಿಲಲ್ಲಿಯೇ ಮಗುವಿನ ಹೆಸರಿನ ಮುಂದೆ ಒಂದು ಸುಳ್ಳನ್ನು ಬರೆಯಿಸಿ ಒಳಗೆ ಕಳುಹಿಸುತ್ತಾರೆ. ಅಳುವ ಕೂಸಿಗೆ ಗುಮ್ಮನನ್ನು ಕರೆಯುತ್ತಾರೆ. ಸೂಜಿಮದ್ದಿಗೆ ಕರೆದೊಯ್ಯುವಾಗ ಸ್ವಲ್ಪವೂ ನೋಯದೆನ್ನುತ್ತಾರೆ. ಆ ಕೂಸು ನೋವನ್ನು ಒಂದು ಗಳಿಗೆಯಲ್ಲಿ ಮರೆಯುವದು; ತಾಯಿಯ ಮಾತು ನಿಜವಲ್ಲವೆಂಬದನ್ನು ಮಾತ್ರ ಅಷ್ಟು ಬೇಗ ಮರೆಯದು. “ಸ್ವಲ್ಪ ನೋಯುವದು, ನಾನು ಕೈ ಹಿಡಿದುಕೊಂಡಿರುತ್ತೇನೆ” ಎಂದರೆ ಕೂಸು ಅಳಬಹುದು. ಆದರೆ ಮುಂದಿನ ಸಾರಿಯೂ ಆ ಕೈಯನ್ನು ನಂಬುವದು.

ಬಾಯಿ ಸತ್ಯವನ್ನೇ ಆಡಿ ಮನಸ್ಸು ಸುಳ್ಳಾಡುವ ವಿದ್ಯೆಯೂ ಒಂದುಂಟು. ದ್ರೋಣನ ಕಿವಿಗೆ ಧರ್ಮರಾಯನು ಅಶ್ವತ್ಥಾಮನ ಸಾವನ್ನು ಗಟ್ಟಿಯಾಗಿಯೂ ಆನೆಯೆಂಬದನ್ನು ಮೆಲ್ಲಗೂ ಹೇಳಿದ್ದನ್ನು ನಮ್ಮ ಜನರು ಇಂದಿಗೂ ಮರೆತಿಲ್ಲ. ಮಾತು ಸರಿಯಾಗಿದ್ದರೂ ಕೇಳಿದವನು ತಪ್ಪು ತಿಳಿಯಲೆಂದೇ ಅದನ್ನು ಆಡಿದರೆ ಅದು ಸುಳ್ಳೇ.

ಇವೆಲ್ಲವುಗಳಲ್ಲಿ ಹೆಚ್ಚು ಕೇಡನ್ನು ಮಾಡುವದು ಮದುವೆಯ ಸುಳ್ಳು. ನಾನು ಬಲ್ಲ ಒಂದು ಮನೆಯಲ್ಲಿ ಮಗಳಿಗೆ ಚಿಕ್ಕಂದಿನಿಂದ ಮೂರ್ಛೆರೋಗವಿತ್ತು. ವೈದ್ಯರು ಕೊಟ್ಟ ಮಾತ್ರೆಗಳನ್ನು ದಿನಾಲು ತಪ್ಪದೆ ನುಂಗುತ್ತಿದ್ದಳಾದದರಿಂದ ನಾಲ್ಕು ವರ್ಷ ಅದು ಕಾಣಿಸಿಕೊಂಡಿರಲಿಲ್ಲ. ತಂದೆತಾಯಿಗಳು ಈ ಸಂಗತಿಯನ್ನು ಗಂಡಿನವರಿಗೆ ಹೇಳಲಿಲ್ಲ. ಹೇಳಬೇಡವೆಂದು ಹುಡುಗಿಗೂ ಆಣೆ ಹಾಕಿದರು. ಅತ್ತೆಯ ಮನೆಯಲ್ಲಿ ಮಾತ್ರೆಯ ಡಬ್ಬಿ ಕಂಡರೆ ಗುಟ್ಟು ಹೊರಬಿದ್ದೀತೆಂಬ ಭಯದಿಂದ ಆಕೆ ಅದನ್ನು ತೌರಿನಲ್ಲಿಯೇ ಬಿಟ್ಟು ಹೋದಳು. ಇಂಥ ಮದ್ದನ್ನು ಥಟ್ಟನೆ ನಿಲ್ಲಿಸಿದರೆ ರೋಗವು ಮರಳಿ, ಕೆಲವೊಮ್ಮೆ ಮೊದಲಿಗಿಂತ ಘೋರವಾಗಿ ಬರುವದುಂಟು. ಹಾಗೆಯೇ ಆಯಿತು. ಆಕೆ ಒಲೆಯ ಮುಂದೆ ಬಿದ್ದಳು. ಪ್ರಾಣ ಉಳಿಯಿತು, ಬಲಗೈಯ ಬೆರಳುಗಳು ಸುಟ್ಟು ಮುದುರಿಹೋದವು. ಆಸ್ಪತ್ರೆಯಲ್ಲಿ ಅವಳ ಗಂಡನು ಮಾವನಿಗೆ ಹೇಳಿದ ಮಾತು ನನಗೆ ಗೊತ್ತಿದೆ: “ಮಾವಯ್ಯಾ, ಮೊದಲೇ ಹೇಳಿದ್ದರೆ ಮದುವೆಯಾಗುತ್ತಿದ್ದೆನೋ ಇಲ್ಲವೋ, ಅದು ನನಗೆ ತಿಳಿಯದು. ಆಗಿದ್ದರೆ ಮಾತ್ರ ಮಾತ್ರೆಯನ್ನು ನಾನೇ ತಂದುಕೊಡುತ್ತಿದ್ದೆನು.” ಸಾವಿರ ಸುಳ್ಳಿನ ಗಾದೆಯನ್ನು ಹೇಳುವವರು ಆ ಬೆರಳುಗಳನ್ನು ಒಮ್ಮೆ ನೋಡತಕ್ಕದ್ದು.

ಇಲ್ಲಿಯ ವರೆಗೆ ಹೇಳಿದ ಸುಳ್ಳುಗಳು ಲಾಭದಿಂದಲೋ ಭಯದಿಂದಲೋ ಹುಟ್ಟಿದವುಗಳು. ಕರುಣೆಯಿಂದ ಹುಟ್ಟುವ ಸುಳ್ಳಿಗೆ ಏನನ್ನೋಣ? ಇದು ಹೊಸ ಪ್ರಶ್ನೆಯಲ್ಲ. ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪನಾಗಿದ್ದ ಅಗಸ್ಟೀನನು ಸುಮಾರು ೩೯೫ರಲ್ಲಿ ಒಂದು, ಸುಮಾರು ೪೨೦ರಲ್ಲಿ ಇನ್ನೊಂದು, ಹೀಗೆ ಸುಳ್ಳಿನ ವಿಷಯವಾಗಿಯೇ ಎರಡು ಗ್ರಂಥಗಳನ್ನು ಬರೆದನು. ಮೊದಲನೆಯದರಲ್ಲಿ ಸುಳ್ಳುಗಳನ್ನು ೮ ಬಗೆಯಾಗಿ ವಿಂಗಡಿಸಿ, ಯಾವದೊಂದೂ ಕ್ರೈಸ್ತನಿಗೆ ಸಲ್ಲದೆಂದನು. ಎರಡನೆಯದರಲ್ಲಿ ಒಬ್ಬ ರೋಗಿಯ ಮಾತನ್ನು ಎತ್ತಿದನು: ಅವನ ಒಬ್ಬನೇ ಮಗನು ಸತ್ತಿದ್ದಾನೆ, ಆ ಸುದ್ದಿಯನ್ನು ಕೇಳಿದರೆ ರೋಗಿಯು ಬದುಕಲಾರನು, ಆದರೆ ಅವನು, ‘ಮಗನು ಇದ್ದಾನೋ’ ಎಂದು ಕೇಳುತ್ತಾನೆ. ಇಂಥಲ್ಲಿ ತನ್ನ ಮನಸ್ಸೂ ಕಲಕುತ್ತದೆಂದು ಅಗಸ್ಟೀನನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಆದರೂ ಸುಳ್ಳಿಗೆ ಅಪ್ಪಣೆ ಕೊಡಲಿಲ್ಲ.

ಅವನೇ ಮತ್ತೊಂದು ಸಂಗತಿಯನ್ನು ಹೇಳುತ್ತಾನೆ. ತಗಾಸ್ತೆಯಲ್ಲಿ ಫಿರ್ಮುಸನೆಂಬ ಬಿಷಪನಿದ್ದನು. ಮೊರೆಹೊಕ್ಕ ಒಬ್ಬ ಮನುಷ್ಯನನ್ನು ಅವನು ಬಚ್ಚಿಟ್ಟಿದ್ದನು. ಚಕ್ರವರ್ತಿಯ ಆಳುಗಳು ಬಂದು ಕೇಳಿದಾಗ, ‘ಸುಳ್ಳಾಡಲಾರೆನು, ಅವನನ್ನು ಒಪ್ಪಿಸಲೂ ಆರೆನು’ ಎಂಬುದೇ ಅವನ ಉತ್ತರವಾಯಿತು. ಎಷ್ಟು ಹಿಂಸೆಪಡಿಸಿದರೂ ಬೇರೆ ಮಾತು ಬರಲಿಲ್ಲ. ಅವನನ್ನು ಚಕ್ರವರ್ತಿಯ ಮುಂದೆ ನಿಲ್ಲಿಸಲಾಗಿ, ಅಕ್ರೈಸ್ತನಾದ ಆ ಚಕ್ರವರ್ತಿಯೇ ಅವನ ದೃಢತೆಗೆ ಬೆರಗಾಗಿ ಬಚ್ಚಿಟ್ಟವನಿಗೂ ಕ್ಷಮೆಯನ್ನು ಕೊಟ್ಟನು. ಸುಳ್ಳು ಬೇಡ, ದ್ರೋಹವೂ ಬೇಡ ಎಂಬವನಿಗೆ ನಡುವೆ ಒಂದು ದಾರಿಯುಂಟು. ಆದರೆ ಅದರ ಸುಂಕವನ್ನು ಅವನು ತನ್ನ ಮೈಯಿಂದಲೇ ತೆರಬೇಕಾದೀತು.

ಇಷ್ಟನ್ನು ಓದಿ ತಿಳಿದಿದ್ದ ನಾನು ನನ್ನ ಮನೆಯಲ್ಲಿ ಮಾಡಿದ್ದನ್ನು ಇಲ್ಲಿ ಹೇಳದಿದ್ದರೆ ವಾಚಕರಿಗೆ ಅರ್ಧ ಸತ್ಯವನ್ನು ಹೇಳಿದಂತಾದೀತು. ನಮ್ಮ ತಂದೆಯವರಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ, ಮಾಡತಕ್ಕದ್ದು ಇನ್ನೇನೂ ಇಲ್ಲವೆಂದು ವೈದ್ಯರು ನನ್ನನ್ನು ಹೊರಗೆ ಕರೆದು ತಿಳಿಸಿದರು. ತಾಯಿಯವರು ಅಷ್ಟರೊಳಗೆ ಕರ್ತನಲ್ಲಿ ನಿದ್ರೆಹೋಗಿದ್ದರು. ತಂದೆಯವರಿಗೆ ತಿಳಿಸಕೂಡದೆಂದು ನಾವು ಮಕ್ಕಳೆಲ್ಲರು ಸೇರಿ ಗೊತ್ತುಮಾಡಿದೆವು. ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅವರು ನನ್ನ ಕೈಯನ್ನು ಹಿಡಿದು, “ಮಗನೇ, ಡಾಕ್ಟರು ಏನಂದರು?” ಎಂದು ಕೇಳಿದರು. “ಹದಿನೈದು ದಿನದಲ್ಲಿ ಎದ್ದು ಓಡಾಡುವಿರಿ ಅಂದರು, ಅಪ್ಪಾ” ಎಂದೆನು. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕಣ್ಣು ಮುಚ್ಚಿಕೊಂಡರು. ಆ ಮೇಲೆ ಆ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಇಪ್ಪತ್ತನೆಯ ದಿನ ತೀರಿಕೊಂಡರು.

ತಂದೆಯವರಿಗೂ ದೊಡ್ಡಪ್ಪನವರಿಗೂ ಮನೆಯ ಪಾಲಿನ ವಿಷಯದಲ್ಲಿ ಮನಸ್ತಾಪವಾಗಿ ೯ ವರ್ಷಗಳಿಂದ ಮಾತಿರಲಿಲ್ಲ. ಮಣ್ಣಿನ ದಿನ ದೊಡ್ಡಪ್ಪನವರು ಕೋಲೂರಿಕೊಂಡು ಸ್ಮಶಾನಕ್ಕೆ ಬಂದರು. ಎಲ್ಲರೂ ಹೋದ ಬಳಿಕ ನನ್ನ ಹತ್ತಿರ ನಿಂತು, “ಅವನಿಗೆ ಗೊತ್ತಿತ್ತೇನೋ?” ಎಂದು ಕೇಳಿದರು. ಇಲ್ಲವೆಂದೆನು. “ಗೊತ್ತಿದ್ದರೆ ನನಗೆ ಹೇಳಿಕಳುಹಿಸುತ್ತಿದ್ದ. ನೀವಾದರೂ ಒಂದು ಕಾರ್ಡು ಬರೆದಿದ್ದರೆ ನಾನೇ ಬರುತ್ತಿದ್ದೆ” ಎಂದರು. ಟಿಕೇಟಿನ ಕಿಂಡಿಯ ಮುಂದೆ ನನಗೆ ಸುಳ್ಳು ಕಲಿಸಹೋದ ಹಿರಿಯರು ಅವರೇ. ಆ ದಿನ ನನ್ನ ಸುಳ್ಳಿನಿಂದ ತಮ್ಮನನ್ನು ಕಳೆದುಕೊಂಡು ನಿಂತವರೂ ಅವರೇ. ನಾನು ತಂದೆಯವರ ನೋವನ್ನು ತಪ್ಪಿಸಿದೆನೆಂದು ತಿಳಿದಿದ್ದೆನು. ತಪ್ಪಿಸಿದ್ದು ನನ್ನ ನೋವನ್ನು, ಅಂದರೆ ಆ ಮಾತನ್ನು ಬಾಯಿಬಿಟ್ಟು ಹೇಳಬೇಕಾದ ಕಷ್ಟವನ್ನು. ಅವರಿಗೆ ಉಳಿದಿದ್ದ ಇಪ್ಪತ್ತು ದಿನಗಳು ಅವರವೇ ಆಗಿದ್ದವು. ಅವುಗಳನ್ನು ಎಣಿಸಿ ವೆಚ್ಚಮಾಡುವ ಹಕ್ಕನ್ನು ನಾನು ಕಸಿದುಕೊಂಡೆನು.

ಆದರೆ ಇದನ್ನು ಓದಿ ಯಾರೂ ನಾಲಿಗೆಯನ್ನು ಕೋಲಿನಂತೆ ಎತ್ತಿಕೊಂಡು ಹೊರಡಬಾರದು. ‘ಯಥಾರ್ಥವಾದಿ ಲೋಕವಿರೋಧಿ’ ಎಂದು ಹೆಮ್ಮೆಪಡುವ ಕೆಲವರಲ್ಲಿ ಯಥಾರ್ಥಕ್ಕಿಂತ ವಿರೋಧವೇ ಹೆಚ್ಚು. ಎದೋಮ್ಯನಾದ ದೋಯೇಗನು ಅರಸನಾದ ಸೌಲನಿಗೆ ಹೇಳಿದ್ದು ಕಂಡದ್ದನ್ನೇ: ಯಾಜಕನಾದ ಅಹೀಮೆಲೆಕನು ದಾವೀದನಿಗೆ ರೊಟ್ಟಿಯನ್ನೂ ಕತ್ತಿಯನ್ನೂ ಕೊಟ್ಟದ್ದು ನಿಜವೇ. ಆ ನಿಜದಿಂದ ಒಂದೇ ದಿನ ೮೫ ಮಂದಿ ಯಾಜಕರು ಹತರಾದರು. ಕೊಂದ ಕೈಯೂ ದೋಯೇಗನದೇ. ತಿಳಿದದ್ದೆಲ್ಲವನ್ನೂ ಎಲ್ಲರಿಗೂ ಹೇಳಬೇಕೆಂದು ಸತ್ಯವು ಕೇಳುವದಿಲ್ಲ. ನಂಬಿ ಹೇಳಿದ ಗುಟ್ಟನ್ನು ಕಾಯುವದು ಸುಳ್ಳಲ್ಲ. “ಅದನ್ನು ನಾನು ಹೇಳಲಾರೆನು” ಎಂಬದೂ ಸತ್ಯವಾದ ಉತ್ತರವೇ. ಆದರೆ ಕೇಳುವ ಹಕ್ಕುಳ್ಳವನು ನೇರವಾಗಿ ಕೇಳಿದಾಗ, ಹೇಳುವ ಮಾತು ಸತ್ಯವಾಗಿರಬೇಕು; ಹೇಳುವ ರೀತಿಯಲ್ಲಿ ಪ್ರೀತಿಯಿರಬೇಕು. ತಂದೆಯವರಿಗೆ ಎಲ್ಲವನ್ನೂ ಒಂದೇ ಉಸುರಿನಲ್ಲಿ ಹೇಳಬೇಕಾಗಿರಲಿಲ್ಲ. “ಅಪ್ಪಾ, ಡಾಕ್ಟರು ಧೈರ್ಯ ಕೊಡಲಿಲ್ಲ” ಎಂದು ಅವರ ಕೈಯನ್ನು ಹಿಡಿದು ಕುಳಿತಿದ್ದರೆ, ಮುಂದಿನದನ್ನು ಅವರೇ ಕೇಳುತ್ತಿದ್ದರು, ಇಲ್ಲವೆ ಕೇಳದೆ ಬಿಡುತ್ತಿದ್ದರು.

ಸುಳ್ಳು ಬಾಯಿಂದ ಜಾರಿಹೋದ ಮೇಲೆ ಮಾಡತಕ್ಕದ್ದೇನು? ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆದರೆ ಸುಳ್ಳು ಮಾತಿಗೆ ಮಾತ್ರ ಒಂದು ಮದ್ದುಂಟು. ಅದೇ ದಿನ ಹಿಂತಿರುಗಿ ಹೋಗಿ, “ನಾನು ಆಗ ಹೇಳಿದ್ದು ನಿಜವಲ್ಲ” ಎಂದು ಹೇಳಿಬಿಡುವದು. ಒಂದು ದಿನ ತಡೆದರೆ ಆ ಸುಳ್ಳಿಗೆ ಕಾವಲು ಕಾಯುವದಕ್ಕೆ ಇನ್ನೊಂದು ಬೇಕಾಗುವದು. ಯಜಮಾನನು ಮಕ್ಕಳ ಮುಂದೆ ಹೀಗೆ ಒಪ್ಪಿಕೊಂಡರೆ ಅವನ ಮಾನ ಹೋಗುವದೆಂಬ ಭಯ ಬೇಡ. ಪೇತ್ರನ ಸುಳ್ಳನ್ನು ಸಭೆಯು ತಿಳಿದಿದೆ. ಅವನ ಕಣ್ಣೀರನ್ನೂ ತಿಳಿದಿದೆ. ಕರ್ತನು ಅವನ ಕೈಗೇ ತನ್ನ ಕುರಿಗಳನ್ನು ಒಪ್ಪಿಸಿದನು.

ದೊಡ್ಡಪ್ಪನವರಲ್ಲಿ ನಾನು ಮರುದಿನ ಹೋಗಿ ಕ್ಷಮೆಯನ್ನು ಕೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ನಮ್ಮ ತಾಯಿಯವರ ಹೆಸರೆತ್ತಿ, “ಅವಳು ಅಂದು ಪೂರಾ ಟಿಕೇಟು ಕೊಳ್ಳಿರಿ ಅಂದಳು” ಎಂದಷ್ಟೇ ಹೇಳಿದರು. ನನಗೂ ಈಗ ವಯಸ್ಸಾಗುತ್ತ ಬಂದಿದೆ. ಮಕ್ಕಳನ್ನು ಕೂಡಿಸಿಕೊಂಡು ಹೇಳಿಟ್ಟಿದ್ದೇನೆ: ನನ್ನ ವಿಷಯವಾಗಿ ವೈದ್ಯರು ಏನನ್ನು ಹೇಳುವರೋ, ನಾನು ಕೇಳಿದಾಗ ಅದನ್ನೇ ನನಗೆ ಹೇಳಿರಿ, ಹೇಳುವಾಗ ನನ್ನ ಕೈಯನ್ನು ಹಿಡಿದುಕೊಳ್ಳಿರಿ. ಅವರು ಒಪ್ಪಿಕೊಂಡಿದ್ದಾರೆ.